ವಿದ್ಯುತ್ ಮೀಟರ್ ಬದಲಾವಣೆ ಮತ್ತು ಮನೆಯ ದುರಸ್ತಿ ವೆಚ್ಚ

ವಿದ್ಯುತ್ ಮೀಟರ್ ಬದಲಾಯಿಸುವಾಗ ಮನೆಯ ಗೋಡೆ, ಮೀಟರ್ ಬೋರ್ಡ್, ಮೇನ್ ಸ್ವಿಚ್ ಅಥವಾ ಒಳವೈರಿಂಗ್‌ಗೆ ದುರಸ್ತಿ ಬೇಕಾದರೆ ಅದರ ವೆಚ್ಚವನ್ನು ಯಾರು ಭರಿಸಬೇಕು ಎಂಬುದು ಎರಡು ಅಂಶಗಳನ್ನು ಅವಲಂಬಿಸಿದೆ: ದುರಸ್ತಿಯಾಗಬೇಕಾದ ಭಾಗ ಯಾರಿಗೆ ಸೇರಿದೆ ಮತ್ತು ಹಾನಿ ಯಾರಿಂದ ಉಂಟಾಗಿದೆ. ಗದಗ ಜಿಲ್ಲೆಯ ರೋಣ, ನರಗುಂದ ಮತ್ತು ಗಜೇಂದ್ರಗಡ ತಾಲ್ಲೂಕುಗಳಲ್ಲಿ ವಿದ್ಯುತ್ ವಿತರಣೆಯ ಹೊಣೆ ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿ ನಿಯಮಿತದ್ದು (ಹೆಸ್ಕಾಂ).

ಹಿನ್ನೆಲೆ

ಹೆಸ್ಕಾಂ 2002ರಲ್ಲಿ ಕಾರ್ಯಾರಂಭ ಮಾಡಿತು. ಇದರ ವ್ಯಾಪ್ತಿಯಲ್ಲಿ ಗದಗ ಸೇರಿದಂತೆ ಏಳು ಜಿಲ್ಲೆಗಳಿವೆ. ವಿದ್ಯುತ್ ಕಾಯ್ದೆ, 2003ರ 55ನೆಯ ಕಲಮಿನ ಪ್ರಕಾರ ಸರಿಯಾದ ಮೀಟರಿನ ಮೂಲಕವೇ ವಿದ್ಯುತ್ ಪೂರೈಸಬೇಕು. ಕೇಂದ್ರ ವಿದ್ಯುತ್ ಪ್ರಾಧಿಕಾರದ 2006ರ ಮೀಟರ್ ನಿಯಮಾವಳಿಯು ತಿರುಗುವ ತಟ್ಟೆಯ ಹಳೆಯ ಮೀಟರಿನ ಬದಲು ಎಲೆಕ್ಟ್ರಾನಿಕ್ ಮೀಟರನ್ನು ಕಡ್ಡಾಯಗೊಳಿಸಿತು. ನಿಯಮಕ್ಕೆ ಹೊಂದದ ಮೀಟರನ್ನು ಕಂಪನಿಯು ತಾನಾಗಿಯೇ ಅಥವಾ ಗ್ರಾಹಕರ ಕೋರಿಕೆಯ ಮೇರೆಗೆ ಬದಲಾಯಿಸಬೇಕು. ಗ್ರಾಹಕರು ಸ್ವಂತ ಮೀಟರ್ ಕೊಳ್ಳಲು ಬಯಸದಿದ್ದರೆ ಮೀಟರ್ ಸಾಮಾನ್ಯವಾಗಿ ಕಂಪನಿಯ ಸ್ವತ್ತಾಗಿರುತ್ತದೆ.

ಹೊಣೆಯ ಗಡಿ

ಕಂಬದಿಂದ ಮನೆಗೆ ಬರುವ ಸರ್ವೀಸ್ ತಂತಿ, ಮೀಟರ್ ಹಾಗೂ ಅದರ ಸೀಲುಗಳ ಹೊಣೆ ಕಂಪನಿಯದು. ಮೀಟರಿನ ನಂತರ ಗ್ರಾಹಕರು ಅಳವಡಿಸಿದ ಮೇನ್ ಸ್ವಿಚ್ ಅಥವಾ ಕಟ್‌ಔಟಿನಿಂದ ಮುಂದಿನ ವೈರಿಂಗ್, ಸ್ವಿಚ್ ಬೋರ್ಡ್ ಮತ್ತು ಮನೆಯ ಅರ್ಥಿಂಗ್ ಗ್ರಾಹಕರ ಹೊಣೆಗೆ ಸೇರುತ್ತವೆ. ಹೀಗಾಗಿ ಸವೆದ ಮೇನ್ ಸ್ವಿಚ್ ಅಥವಾ ಸುಟ್ಟ ಒಳವೈರ್ ಮೀಟರ್ ಬದಲಾವಣೆಯ ದಿನವೇ ಪತ್ತೆಯಾದರೂ ಅದರ ದುರಸ್ತಿ ವೆಚ್ಚ ಮನೆಯವರದೇ. ಇಂತಹ ದುರಸ್ತಿಯನ್ನು ಪರವಾನಗಿ ಹೊಂದಿದ ವಿದ್ಯುತ್ ಗುತ್ತಿಗೆದಾರರಿಂದಲೇ ಮಾಡಿಸಬೇಕು. ಮೀಟರಿನ ಸೀಲನ್ನು ಗ್ರಾಹಕರಾಗಲಿ, ಅವರು ಕರೆಸಿದ ಎಲೆಕ್ಟ್ರಿಷಿಯನ್ ಆಗಲಿ ಒಡೆಯುವಂತಿಲ್ಲ.

ಹಳೆಯ ಮೀಟರಿನಲ್ಲಿ ಗಮನಕ್ಕೆ ಬಾರದಿದ್ದ ದೋಷಗಳು ಹೊಸ ಮೀಟರಿನಲ್ಲಿ ಕಾಣಿಸಿಕೊಳ್ಳುವುದುಂಟು. ಅನೇಕ ಎಲೆಕ್ಟ್ರಾನಿಕ್ ಮೀಟರುಗಳಲ್ಲಿ ವಿದ್ಯುತ್ ನೆಲಕ್ಕೆ ಸೋರುವುದನ್ನು ತೋರಿಸುವ ಸೂಚಕ ದೀಪವಿರುತ್ತದೆ. ಅದು ಉರಿಯುತ್ತಿದ್ದರೆ ದೋಷ ಹೆಚ್ಚಾಗಿ ಒಳವೈರಿಂಗ್‌ನಲ್ಲಿರುತ್ತದೆ. ಮೀಟರನ್ನು ಮತ್ತೆ ಬದಲಾಯಿಸುವುದರಿಂದ ಅದು ನಿವಾರಣೆಯಾಗುವುದಿಲ್ಲ.

ಕಾಮಗಾರಿಯಿಂದಾಗುವ ಹಾನಿ

ಸಿಬ್ಬಂದಿಯ ಅಜಾಗರೂಕತೆಯಿಂದ ಗೋಡೆಯ ಗಿಲಾವು ಉದುರಿದರೆ, ಸುಸ್ಥಿತಿಯಲ್ಲಿದ್ದ ಸ್ವಿಚ್ ಒಡೆದರೆ ಅಥವಾ ತಪ್ಪು ಜೋಡಣೆಯಿಂದ ಉಪಕರಣ ಸುಟ್ಟರೆ ಮೇಲಿನ ಗಡಿಯೊಂದೇ ಮಾನದಂಡವಾಗುವುದಿಲ್ಲ. ಕಾಯ್ದೆಯ 67ನೆಯ ಕಲಮು, ಆ ಕಲಮಿನಡಿ ಕಾಮಗಾರಿ ನಡೆಸುವ ಪರವಾನಗಿದಾರರು ಆದಷ್ಟು ಕಡಿಮೆ ಹಾನಿ ಮಾಡಬೇಕೆಂದೂ ತಮ್ಮಿಂದ ಅಥವಾ ತಾವು ನೇಮಿಸಿದವರಿಂದ ಆದ ಹಾನಿಗೆ ಪೂರ್ಣ ಪರಿಹಾರ ನೀಡಬೇಕೆಂದೂ ಹೇಳುತ್ತದೆ. ಕೆಲಸ ಮಾಡಿದವರು ಗುತ್ತಿಗೆದಾರರ ಆಳುಗಳಾಗಿದ್ದರೂ ಪರಿಹಾರವನ್ನು ಕಂಪನಿಯಿಂದಲೇ ಕೇಳಲು ಈ ತತ್ವವನ್ನು ಆಧಾರವಾಗಿ ಮುಂದಿಡಬಹುದು.

163ನೆಯ ಕಲಮಿನಂತೆ ಮನೆಯವರಿಗೆ ತಿಳಿಸಿ, ಯುಕ್ತ ಸಮಯದಲ್ಲಿ ಒಳಬಂದು ಮೀಟರನ್ನು ಪರೀಕ್ಷಿಸುವ, ದುರಸ್ತಿಗೊಳಿಸುವ ಅಧಿಕಾರ ಕಂಪನಿಗಿದೆ. ಪ್ರವೇಶ ನಿರಾಕರಿಸಿದರೆ ಲಿಖಿತ ನೋಟಿಸು ನೀಡಿ, 24 ಗಂಟೆಗಳ ನಂತರ ಸಂಪರ್ಕ ಕಡಿತಗೊಳಿಸಬಹುದು. ಆದ್ದರಿಂದ ಹಾನಿಯ ಭಯದಿಂದ ಸಿಬ್ಬಂದಿಯನ್ನು ತಡೆಯುವುದಕ್ಕಿಂತ ಕೆಲಸಕ್ಕೆ ಮೊದಲು ಮತ್ತು ನಂತರ ಬೋರ್ಡಿನ ಛಾಯಾಚಿತ್ರ ತೆಗೆದಿಟ್ಟುಕೊಳ್ಳುವುದು ಸುರಕ್ಷಿತ.

ಮಾಳಿಗೆ ಮನೆಗಳ ಸ್ಥಿತಿ

ಈ ಮೂರು ತಾಲ್ಲೂಕುಗಳ ಊರುಗಳಲ್ಲಿ ಮಣ್ಣಿನ ಮೇಲ್ಮುದ್ದೆಯ ಹಳೆಯ ಮಾಳಿಗೆ ಮನೆಗಳಿವೆ. ಮಣ್ಣಿನ ಗೋಡೆಗೆ ಮೊಳೆ ಹೊಡೆದು ಕೂರಿಸಿದ ಕಟ್ಟಿಗೆಯ ಬೋರ್ಡನ್ನು ಕಳಚಿದಾಗ ಮಣ್ಣು ಉದುರಿ, ಅದೇ ಜಾಗದಲ್ಲಿ ಹೊಸ ಮೀಟರ್ ಭದ್ರವಾಗಿ ನಿಲ್ಲದಿರಬಹುದು. ಗೋಡೆ ಮೊದಲೇ ಶಿಥಿಲವಾಗಿತ್ತೋ, ಕೆಲಸದಿಂದ ಹಾಳಾಯಿತೋ ಎಂಬ ವಾದ ಹುಟ್ಟುವುದು ಇಲ್ಲಿಯೇ. ಮಳೆನೀರು ಸೋರಿ ಬೋರ್ಡು ಕೊಳೆತಿದ್ದರೆ ಹೊಣೆ ಮನೆಯವರ ಮೇಲೆ ಬರುತ್ತದೆ; ಗಟ್ಟಿಯಾಗಿದ್ದ ಗೋಡೆ ಒಡೆದಿದ್ದರೆ ಕಂಪನಿಯ ಮೇಲೆ ಬರುತ್ತದೆ. ಬಾಡಿಗೆ ಮನೆಗಳಲ್ಲಿ ಗೋಡೆ ಮತ್ತು ವೈರಿಂಗ್ ಮಾಲೀಕರ ಸ್ವತ್ತಾದ್ದರಿಂದ, ಕರಾರಿನಲ್ಲಿ ಬೇರೆ ಏರ್ಪಾಡು ಇಲ್ಲದಿದ್ದರೆ, ದೊಡ್ಡ ದುರಸ್ತಿಯ ವಿಷಯವನ್ನು ಬಾಡಿಗೆದಾರರು ಮಾಲೀಕರಿಗೆ ಕೂಡಲೇ ತಿಳಿಸಬೇಕಾಗುತ್ತದೆ.

ದೂರು ಮತ್ತು ಪರಿಹಾರ

ಮೊದಲ ದೂರನ್ನು ಹೆಸ್ಕಾಂನ ಸ್ಥಳೀಯ ಕಚೇರಿಗೆ ಲಿಖಿತವಾಗಿ, ಆರ್.ಆರ್. ಸಂಖ್ಯೆ ಮತ್ತು ಕೆಲಸ ನಡೆದ ದಿನಾಂಕದೊಡನೆ ಸಲ್ಲಿಸಿ ಸ್ವೀಕೃತಿ ಪಡೆಯಬೇಕು. 1912 ಸಹಾಯವಾಣಿಯಲ್ಲಿಯೂ ದೂರು ದಾಖಲಿಸಬಹುದು. ಅಲ್ಲಿ ಪರಿಹಾರ ದೊರೆಯದಿದ್ದರೆ ಕಾಯ್ದೆಯ 42ನೆಯ ಕಲಮಿನಡಿ ರಚಿತವಾದ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಗೆ, ಆ ನಂತರ ವಿದ್ಯುತ್ ಓಂಬುಡ್ಸ್‌ಮನ್‌ಗೆ ಮೊರೆ ಹೋಗಬಹುದು. ಸೇವಾನ್ಯೂನತೆಯ ಪ್ರಕರಣಗಳನ್ನು ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅಡಿಯಲ್ಲಿ ಗದಗಿನ ಜಿಲ್ಲಾ ಗ್ರಾಹಕರ ಆಯೋಗದ ಮುಂದೆಯೂ ಇಡಬಹುದಾಗಿದೆ.