ತಿದಿಯೊತ್ತುವ ಕೈ ಸೋತಾಗ

ಕಮ್ಮಾರನ ತಿದಿ ನೋಡಿದವರಿಗೆ ಉಸಿರಾಟದ ಅರ್ಧ ಪಾಠ ಆದಂತೆಯೇ. ತಿದಿ ಹಿಗ್ಗಿದರೆ ಒಳಗೆ ಜಾಗವಾಗಿ ಗಾಳಿ ತಾನೇ ನುಗ್ಗುತ್ತದೆ. ಎದೆಯೂ ಹಾಗೆಯೇ: ವಪೆ ಕೆಳಗಿಳಿದು, ಪಕ್ಕೆಲುಬುಗಳು ಅರಳಿದಾಗ ಒಳಗಿನ ಒತ್ತಡ ಚೂರು ತಗ್ಗಿ, ಸುಮಾರು ಅರ್ಧ ಲೀಟರ್ ಗಾಳಿ ಒಳಬರುತ್ತದೆ.

ಈ ವ್ಯವಸ್ಥೆ ಮುಖ್ಯವಾಗಿ ಎರಡು ಬಗೆಯಲ್ಲಿ ಕೈಕೊಡುತ್ತದೆ. ನ್ಯುಮೋನಿಯಾದಲ್ಲಿ ಗಾಳಿಗೂಡುಗಳಲ್ಲಿ ಕೀವು, ನೀರು ತುಂಬಿ ಆಮ್ಲಜನಕ ರಕ್ತಕ್ಕೆ ದಾಟದು. ಕಟ್ಟುಹಾವು ಕಚ್ಚಿದಾಗ ಕಥೆಯೇ ಬೇರೆ. ಶ್ವಾಸಕೋಶಕ್ಕೆ ಏನೂ ಆಗಿರುವುದಿಲ್ಲ, ತಿದಿಯೊತ್ತುವ ಕೈಗೆ ಲಕ್ವ ಹೊಡೆದಿರುತ್ತದೆ. ಆಗ ಇಂಗಾಲದ ಡೈಆಕ್ಸೈಡ್ ಹೊರಹೋಗದೆ ರಕ್ತ ಹುಳಿಯಾಗುತ್ತದೆ, ರೋಗಿ ಮಂಪರಿಗೆ ಜಾರುತ್ತಾನೆ. ಮೂಗಿಗೆ ಆಮ್ಲಜನಕ ಕೊಟ್ಟರೆ ಬೆರಳಿನ ಆಕ್ಸಿಮೀಟರ್ ಒಳ್ಳೆಯ ಅಂಕಿಯನ್ನೇ ತೋರಿಸಬಹುದು. ಒಳಗೆ ವಿಷಾನಿಲ ಏರುತ್ತಲೇ ಇರುತ್ತದೆ.

1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ವೈದ್ಯರು ಎಡವಿದ್ದು ಇಲ್ಲೇ. ಪೋಲಿಯೊ ಪಿಡುಗಿನಲ್ಲಿ ಉಸಿರಾಟ ಸೋತು ಬ್ಲೆಗ್ಡಮ್ ಆಸ್ಪತ್ರೆಗೆ ಬಂದ ಮೊದಲ 31 ಮಂದಿಯಲ್ಲಿ 27 ಮಂದಿ ತೀರಿಕೊಂಡರು. ಅಲ್ಲಿದ್ದ ಉಕ್ಕಿನ ಶ್ವಾಸಕೋಶ ಒಂದೇ ಒಂದು. ರೋಗಿಯ ಕತ್ತಿನವರೆಗೂ ಮುಚ್ಚಿ, ಸುತ್ತಲಿನ ಗಾಳಿ ಹೀರಿ ಎದೆ ಹಿಗ್ಗಿಸುವ ಪೀಪಾಯಿ ಅದು, 1928ರಿಂದಲೇ ಬಳಕೆಯಲ್ಲಿತ್ತು. ರಕ್ತಪರೀಕ್ಷೆಯಲ್ಲಿ ಬೈಕಾರ್ಬನೇಟ್ ಹೆಚ್ಚಿದ್ದುದನ್ನು ಕಂಡು ರಕ್ತ ಕ್ಷಾರವಾಗಿದೆ ಎಂದೇ ಅಲ್ಲಿನವರು ಎಣಿಸಿದ್ದರು. ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ಅದನ್ನು ತಿರುವಿ ಓದಿದರು: ಉಸಿರು ಸಾಲದೆ ಇಂಗಾಲದ ಡೈಆಕ್ಸೈಡ್ ಕೂಡಿಕೊಂಡಿದೆ! ಆಗಸ್ಟ್ 27ರಂದು ಹನ್ನೆರಡರ ಬಾಲೆಯೊಬ್ಬಳ ಗಂಟಲಿಗೆ ರಂಧ್ರ ಮಾಡಿಸಿ, ಕೊಳವೆ ಇಳಿಸಿ, ರಬ್ಬರ್ ಚೀಲವನ್ನು ಕೈಯಲ್ಲಿ ಹಿಚುಕಿ ಗಾಳಿ ತಳ್ಳಿದರು. ಅವಳು ಬದುಕಿದಳು.

ತಳ್ಳಲು ಯಂತ್ರಗಳಿರಲಿಲ್ಲ. ಸುಮಾರು 1,500 ವಿದ್ಯಾರ್ಥಿಗಳು ಹಗಲೂ ರಾತ್ರಿ ಪಾಳಿಯಲ್ಲಿ ಕೂತು ಚೀಲ ಹಿಚುಕಿದರು. ಸಾವಿನ ಪ್ರಮಾಣ ಕ್ರಮೇಣ ಕಾಲುಭಾಗದ ಆಸುಪಾಸಿಗೆ ಇಳಿಯಿತು. ಆ ವಿದ್ಯಾರ್ಥಿಗಳ ಕೈಯೇ ಇಂದಿನ ವೆಂಟಿಲೇಟರ್.

ಆದರೆ ಎದೆ ಹಿಗ್ಗಿ ಎಳೆದುಕೊಂಡ ಗಾಳಿಯೂ ಹೊರಗಿನಿಂದ ತಳ್ಳಿದ ಗಾಳಿಯೂ ಒಂದೇ ಅಲ್ಲ. ಬಾವು ಬಂದ ಶ್ವಾಸಕೋಶದಲ್ಲಿ ತೆರೆದಿರುವ ಗೂಡುಗಳೇ ಕಡಿಮೆ. ತಳ್ಳಿದ್ದೆಲ್ಲ ಅವುಗಳಿಗೇ ನುಗ್ಗಿ ಹಿಂಜಿಹಾಕುತ್ತದೆ. 2000ದಲ್ಲಿ ಪ್ರಕಟವಾದ, 861 ರೋಗಿಗಳ ಅಮೆರಿಕದ ಅಧ್ಯಯನ ಇದನ್ನು ಖಚಿತಪಡಿಸಿತು. ಪ್ರತಿ ಉಸಿರಿಗೆ, ಕಿಲೋ ತೂಕಕ್ಕೆ 12 ಮಿಲಿಲೀಟರ್ ತಳ್ಳಿದವರಲ್ಲಿ ಸುಮಾರು ಶೇ 40 ಸಾವು. 6ಕ್ಕೆ ಇಳಿಸಿದಾಗ ಶೇ 31. ಈ ತೂಕವನ್ನು ತಕ್ಕಡಿ ಹೇಳುವುದಿಲ್ಲ, ಎತ್ತರದಿಂದ ಲೆಕ್ಕ ಹಾಕುತ್ತಾರೆ. ಹೊಟ್ಟೆ ಬೆಳೆದರೆ ಶ್ವಾಸಕೋಶ ಬೆಳೆಯುವುದಿಲ್ಲವಲ್ಲ! ಉಸಿರು ಬಿಟ್ಟಮೇಲೂ ಯಂತ್ರ ಕೊಂಚ ಒತ್ತಡ ಉಳಿಸಿಕೊಳ್ಳುತ್ತದೆ. ಪೂರ್ತಿ ಚಪ್ಪಟೆಯಾದ ಬಲೂನಿಗೆ ಮೊದಲ ಊದು ಎಷ್ಟು ಕಷ್ಟವೆಂದು ಮಕ್ಕಳಿಗೂ ಗೊತ್ತು.

‘ವೆಂಟಿಲೇಟರ್‌ಗೆ ಹಾಕಿದ್ದಾರಂತೆ’ ಎಂದರೆ ನಮ್ಮಲ್ಲಿ ದನಿ ತಗ್ಗುತ್ತದೆ. ನಿಜ, ಅದು ಯಾವ ರೋಗವನ್ನೂ ವಾಸಿಮಾಡದು. ಔಷಧ ನಾಟುವವರೆಗೆ, ಕಟ್ಟುಹಾವಿನ ವಿಷಕ್ಕೆ ಹಾಳಾದ ನರದ ತುದಿಗಳು ಚಿಗುರುವವರೆಗೆ ತಿದಿಯೊತ್ತುತ್ತಾ ಕಾಯುತ್ತದೆ, ಅಷ್ಟೇ. ರೋಗಿ ತಾನೇ ಒಂದಿಷ್ಟು ಗಾಳಿ ಎಳೆದರೆ ಆ ಸಣ್ಣ ಸೆಳೆತವನ್ನೂ ಯಂತ್ರ ಗುರುತಿಸಿ ಜೊತೆಗೂಡುತ್ತದೆ. ತೀವ್ರ ನಿಗಾ ಘಟಕದ ವೈದ್ಯರು ದಿನವೂ ಪರದೆಯಲ್ಲಿ ಹುಡುಕುವುದು ಆ ಸೆಳೆತವನ್ನೇ.