ಇಗರ್ಜಿ ಶಾಲೆಯ ಗದ್ದೆಯಲ್ಲಿ ತೆನೆ

ನಮ್ಮೂರಿಗೆ ಬಂದು ದಾರಿ ಕೇಳಿದವರಿಗೆ ಎಲ್ಲರೂ ಹೇಳುವ ಗುರುತು ಒಂದೇ, ‘ಇಗರ್ಜಿ ಶಾಲೆ’. ಬೋರ್ಡಿನಲ್ಲಿ ಸಂತರೊಬ್ಬರ ಹೆಸರಿದೆ, ‘ಅನುದಾನಿತ ಹಿರಿಯ ಪ್ರಾಥಮಿಕ ಶಾಲೆ’ ಎಂಬ ಉದ್ದದ ಬಾಲವೂ ಇದೆ. ಆದರೆ ಬಸ್ಸಿನ ಕಂಡಕ್ಟರ್‌ನಿಂದ ಹಿಡಿದು ಮೀನು ಮಾರುವ ಅಕ್ಕನವರೆಗೆ ಯಾರ ಬಾಯಲ್ಲೂ ಅದು ಬರುವುದಿಲ್ಲ. ಮಂಗಳೂರಿನಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ ದೂರದ ಈ ಶಾಲೆಯಲ್ಲೇ ನಾನು ಒಂದರಿಂದ ಏಳರವರೆಗೆ ಓದಿದ್ದು. ಈಗ ಬಿಇ ಐದನೇ ಸೆಮಿಸ್ಟರ್. ನಮ್ಮ ಮನೆಯವರು ಕ್ರೈಸ್ತರಲ್ಲ. ಮನೆಯಲ್ಲಿ ತುಳು, ತರಗತಿಯಲ್ಲಿ ಕನ್ನಡ, ಪಕ್ಕದ ಬೆಂಚಿನವರ ಜೊತೆ ಅರೆಬರೆ ಕೊಂಕಣಿ, ಹೀಗೆ ಬೆಳೆದವರು ನಾವು.

ಆಗಸ್ಟ್ ಬಂತೆಂದರೆ ಈ ಶಾಲೆಗೆ ಪುರುಸೊತ್ತಿರುವುದಿಲ್ಲ. ಆಟಿ ತಿಂಗಳ ಕಾರ್ಯಕ್ರಮ ಮೊನ್ನೆಯಷ್ಟೇ ಮುಗಿಯಿತು. ಮಕ್ಕಳ ತಾಯಂದಿರು ಪತ್ರೊಡೆ, ತಜಂಕಿನ ಪಲ್ಯ, ಹಲಸಿನ ಬೀಜದ ಸಾರು, ಕಣಿಲೆ ಉಪ್ಪಿನಕಾಯಿ ಹೊತ್ತು ತಂದಿದ್ದರು. ಪಾಲೆ ಮರದ ಕಷಾಯ ಕುಡಿದ ಸಿಸ್ಟರ್ ಒಬ್ಬರು ಮಾಡಿದ ಮುಖವನ್ನು ಮೂರನೇ ತರಗತಿಯವರು ಇನ್ನೂ ಅಣಕಿಸುತ್ತಿದ್ದಾರೆ. ಆಮೇಲೆ 15ರ ಧ್ವಜಾರೋಹಣ. ಆ ದಿನ ಕ್ಯಾಥೊಲಿಕರಿಗೆ ಮರಿಯಮ್ಮನ ಸ್ವರ್ಗಾರೋಹಣದ ಹಬ್ಬವೂ ಹೌದು. ಹಾಗಾಗಿ ಬೆಳಗಿನ ಬಲಿಪೂಜೆ ಮುಗಿಸಿದವರೆಲ್ಲ ಇಗರ್ಜಿಯ ಮೆಟ್ಟಿಲಿಳಿದು ನೇರ ಶಾಲೆಯ ಅಂಗಳಕ್ಕೇ ಬರುತ್ತಾರೆ. ಕುರ್ಚಿ ಎಷ್ಟು ಹಾಕಿದರೂ ಸಾಲುವುದಿಲ್ಲ.

ಆದರೆ ಮಕ್ಕಳು ಬೆರಳು ಮಡಿಸಿ ದಿನ ಎಣಿಸುತ್ತಿರುವುದು ಮುಂದಿನದಕ್ಕೆ. ಆಗಸ್ಟ್ 30ರಿಂದ ಸೆಪ್ಟೆಂಬರ್ 7ರವರೆಗೆ ಒಂಬತ್ತು ದಿನ ನೊವೆನಾ, 8ಕ್ಕೆ ಮೊಂತಿ ಹಬ್ಬ. ಕರಾವಳಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ, ಘಟ್ಟದ ಮೇಲಿನ ಓದುಗರಿಗಾಗಿ ಎರಡು ಮಾತು. ಅದು ಯೇಸುವಿನ ತಾಯಿ ಮರಿಯಮ್ಮನ ಹುಟ್ಟುಹಬ್ಬ. ಜೊತೆಗೆ ಹೊಸ ಬೆಳೆಯ ಹಬ್ಬ. ನೇತ್ರಾವತಿ ದಡದ ಫರಂಗಿಪೇಟೆಯ ಮೊಂತೆ ಮರಿಯಾನೊ ಚರ್ಚಿನಲ್ಲಿ ಗೋವಾ ಮೂಲದ ಪಾದ್ರಿ ಜೋಕಿಂ ಮಿರಾಂದ 1763ರಲ್ಲಿ ಇದನ್ನು ಶುರು ಮಾಡಿದರೆಂದು ಹೇಳುತ್ತಾರೆ. ಒಂಬತ್ತೂ ದಿನ ಮಕ್ಕಳು ಪುಟ್ಟ ಬುಟ್ಟಿಯಲ್ಲಿ ಹೂ ತಂದು ಬಾಲ ಮರಿಯಮ್ಮನ ಮೂರ್ತಿಗೆ ಎರಚುತ್ತಾರೆ. ಕೊನೆಯ ದಿನ ಭತ್ತದ ತೆನೆಗಳನ್ನು ಆಶೀರ್ವದಿಸಿ ಮನೆಗೊಂದರಂತೆ ಹಂಚುತ್ತಾರೆ, ಮಕ್ಕಳ ಕೈಗೆ ಕಬ್ಬು ಕೊಡುತ್ತಾರೆ. ಮನೆಯಲ್ಲಿ ಆ ತೆನೆಯ ಕಾಳು ಸುಲಿದು, ಪುಡಿ ಮಾಡಿ, ಹಾಲಿಗೋ ಪಾಯಸಕ್ಕೋ ಬೆರೆಸಿ ಎಲ್ಲರೂ ಕುಡಿಯಬೇಕು. ದುಬೈಯಲ್ಲೋ ಮುಂಬೈಯಲ್ಲೋ ಇರುವ ಮಕ್ಕಳಿಗೆ ನಾಲ್ಕು ಕಾಳನ್ನು ಲಕೋಟೆಯಲ್ಲಿ ಹಾಕಿ ಕಳಿಸುವವರೂ ಇದ್ದಾರೆ. ಊಟ ಬಾಳೆ ಎಲೆಯಲ್ಲಿ, ಪೂರ್ತಿ ಸಸ್ಯಾಹಾರ. ಹರಿವೆ ದಂಟು, ಹೀರೆಕಾಯಿ, ಬೆಂಡೆ, ಅಲಸಂಡೆ, ಅಂಬಟೆ, ಕೆಸು ಹೀಗೆ ಪದಾರ್ಥಗಳ ಲೆಕ್ಕ ಐದು, ಏಳು, ಒಂಬತ್ತು ಎಂದು ಬೆಸವಾಗಿಯೇ ಇರಬೇಕು. ಮೀನಿಲ್ಲದೆ ಗಂಟಲಲ್ಲಿ ಅನ್ನ ಇಳಿಯದ ಊರಿನಲ್ಲಿ ಇದು ಸಣ್ಣ ಸಂಗತಿಯಲ್ಲ ಮಾರಾಯ್ರೇ.

ತುಳುವರ ಮನೆಗಳಲ್ಲೂ ತೆನೆ ತಂದು ‘ಮನೆ ತುಂಬಿಸುವ’ ಶಾಸ್ತ್ರವಿದೆ, ಹೊಸ ಅಕ್ಕಿ ಊಟವಿದೆ. ಆದ್ದರಿಂದ ಚಿಕ್ಕಂದಿನಲ್ಲಿ ನನಗೆ ಇದು ಬೇರೆಯವರ ಹಬ್ಬ ಎಂದು ಅನಿಸಿದ್ದೇ ಇಲ್ಲ. ಬೆಳಿಗ್ಗೆ ಎದ್ದು ಹಿತ್ತಲಿನ ಗೌರಿ ಹೂ, ರತ್ನಗಂಧಿ, ದಾಸವಾಳ ಕೊಯ್ದು, ‘ದೇವರಿಗೆ ಎರಡಾದರೂ ಬಿಡು’ ಎಂದು ಅಜ್ಜಿ ಬೈಯುತ್ತಿದ್ದರೂ ಕೇಳದೆ ಓಡುತ್ತಿದ್ದೆ. ಹೂ ಎರಚಲೇಬೇಕೆಂದು ಶಾಲೆಯಲ್ಲಿ ಯಾರೂ ಹೇಳುತ್ತಿರಲಿಲ್ಲ. ಕ್ಯಾಥೊಲಿಕ್ ಮಕ್ಕಳು ಧರ್ಮೋಪದೇಶದ ತರಗತಿಗೆ ಹೋದಾಗ ನಮಗೆ ನೀತಿಪಾಠ ನಡೆಯುತ್ತಿತ್ತು. ಸರ್ಕಾರದ ಅನುದಾನ ಪಡೆಯುವ ಶಾಲೆಯಲ್ಲಿ ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗೆ ಕೂರಿಸುವಂತಿಲ್ಲ ಎಂದು ಸಂವಿಧಾನದ 28(3)ನೇ ವಿಧಿ ಹೇಳುತ್ತದೆ ಎಂಬುದು ಗೊತ್ತಾದದ್ದು ಪಿಯುಸಿ ದಾಟಿದ ಮೇಲೆ. ನಮ್ಮ ಹೆಡ್ ಟೀಚರ್ ಆ ವಿಧಿಯ ಹೆಸರೆತ್ತದೆಯೇ ಅದನ್ನು ಪಾಲಿಸುತ್ತಿದ್ದರು.

ಈ ವರ್ಷದ ಹಬ್ಬಕ್ಕೆ ಇನ್ನೊಂದು ವಿಶೇಷವಿದೆ. ಇಗರ್ಜಿಯಲ್ಲಿ ಹಂಚುವ ತೆನೆ ಕೆಲವು ವರ್ಷಗಳಿಂದ ಎಲ್ಲೆಲ್ಲಿಂದಲೋ ಬರುತ್ತಿತ್ತು. ಊರಿನ ಗದ್ದೆಗಳೆಲ್ಲ ಅಡಿಕೆ ತೋಟವಾಗಿವೆ, ಇಲ್ಲವೇ ಸೈಟಾಗಿವೆ. ಶಾಲೆಯ ಹಿಂದಿನ ಒಂದು ಗದ್ದೆ ಮಾತ್ರ ಹಡಿಲು ಬಿದ್ದಿತ್ತು. ಅದರ ಯಜಮಾನರಿಗೆ ಎಪ್ಪತ್ತು ದಾಟಿದೆ, ಅವರೂ ಇದೇ ಶಾಲೆಯಲ್ಲಿ ಓದಿದವರು. ‘ಬಿತ್ತುವವರಿದ್ದರೆ ಬಿತ್ತಿ, ಗೇಣಿಯೇನೂ ಬೇಡ’ ಎಂದರು. ಹಳೆ ವಿದ್ಯಾರ್ಥಿ ಸಂಘದ ಸಭೆಯಲ್ಲಿ ಇಂಜಿನಿಯರಿಂಗ್ ಓದುವವರೆಂದು ಲೆಕ್ಕ ನಮ್ಮ ತಲೆಗೆ ಬಿತ್ತು. ನಮ್ಮ ಕಡೆ ಹೆಚ್ಚಾಗಿ ಬೆಳೆಯುವ ಎಂಒ 4 ತಳಿಗೆ ಬಿತ್ತನೆಯಿಂದ ಕಟಾವಿಗೆ ಸುಮಾರು 130 ದಿನ ಬೇಕು. ತೆನೆ ಹೊರಬಂದು ಕಾಳು ಬಲಿಯುವುದಕ್ಕೇ ಕೊನೆಯ ಒಂದು ತಿಂಗಳು. ಸೆಪ್ಟೆಂಬರ್ 8ಕ್ಕೆ ಹಸಿರು ತೆನೆ ಕೈಯಲ್ಲಿರಬೇಕಾದರೆ ಮೇ ಕೊನೆಯೊಳಗೆ ನೇಜಿಗೆ ಬೀಜ ಹಾಕಲೇಬೇಕು. ಆಗ ಶಾಲೆಗೆ ಬೇಸಿಗೆ ರಜೆ, ನಮಗೆ ಪರೀಕ್ಷೆ ಹತ್ತಿರ. ಆದರೂ ಬೀಜ ಬಿತ್ತು. ಜೂನ್ ಕೊನೆಯ ಶನಿವಾರ ಐದರಿಂದ ಏಳನೇ ತರಗತಿಯವರೆಲ್ಲ ಕೆಸರಿಗಿಳಿದರು. ನೇಜಿ ನೆಟ್ಟದ್ದಕ್ಕಿಂತ ಕೆಸರು ಎರಚಾಡಿದ್ದೇ ಹೆಚ್ಚು. ಸೋಮವಾರ ಇಬ್ಬರು ಬಾಯಮ್ಮಂದಿರು ಬಂದು ಅರ್ಧ ಗದ್ದೆಯನ್ನು ಮತ್ತೆ ಸಾಲು ಹಿಡಿದು ನೆಟ್ಟರು. ಈಗ ಅಲ್ಲಿ ತೆನೆ ಇಣುಕುತ್ತಿದೆ.

ಇಷ್ಟೆಲ್ಲ ಸಡಗರ ಓದಿ ಶಾಲೆ ಗಟ್ಟಿಯಾಗಿದೆ ಎಂದುಕೊಳ್ಳಬೇಡಿ. ನನ್ನ ತರಗತಿಯಲ್ಲಿ ನಾವು 34 ಮಂದಿ ಇದ್ದೆವು. ಈಗ ಏಳೂ ತರಗತಿ ಸೇರಿಸಿದರೆ ಅದಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಒಂದನೇ ತರಗತಿಗೆ ಈ ಜೂನ್‌ನಲ್ಲಿ ಸೇರಿದವರನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದು. ಸರ್ಕಾರದ ಸಂಬಳ ಪಡೆಯುವ ಟೀಚರ್‌ಗಳು ಒಬ್ಬೊಬ್ಬರಾಗಿ ನಿವೃತ್ತರಾದರು. ಅನುದಾನಿತ ಶಾಲೆಯಲ್ಲಿ ಖಾಲಿಯಾದ ಹುದ್ದೆ ತುಂಬಲು ಅನುಮತಿ ಬರುವುದಕ್ಕೆ ವರ್ಷಗಳೇ ಹಿಡಿಯುತ್ತವೆ, ಮಕ್ಕಳ ಸಂಖ್ಯೆ ಕಡಿಮೆಯಿದ್ದರೆ ಅನುಮತಿಯೇ ಕಷ್ಟ. ಮಕ್ಕಳಿಲ್ಲವೆಂದು ಟೀಚರ್ ಇಲ್ಲ, ಟೀಚರ್ ಇಲ್ಲವೆಂದು ಮಕ್ಕಳಿಲ್ಲ. ಉಳಿದಿರುವ ಟೀಚರ್ ಒಬ್ಬರೇ ಎರಡು ತರಗತಿಗಳ ನಡುವಿನ ಬಾಗಿಲಲ್ಲಿ ನಿಂತು ಆಚೆಗೆ ಗಣಿತ, ಈಚೆಗೆ ಪರಿಸರ ಹೇಳುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ದಕ್ಷಿಣ ಕನ್ನಡದ ಕ್ಯಾಥೊಲಿಕ್ ಶಾಲೆಗಳ ಚರಿತ್ರೆ ಗೊತ್ತಿದ್ದವರಿಗೆ ಇದು ಇನ್ನೂ ಬೇಸರ ತರಿಸುತ್ತದೆ. ಜೆಸ್ವಿತರು ಮಂಗಳೂರಿನಲ್ಲಿ ಸಂತ ಅಲೋಶಿಯಸ್ ಕಾಲೇಜು ತೆರೆದದ್ದು 1880ರಲ್ಲಿ. ಅದು ಪೇಟೆಯ ಮಾತಾಯಿತು. ಹಳ್ಳಿಯ ಹೆಣ್ಣುಮಕ್ಕಳ ಓದಿಗೆಂದೇ ಹೊರಟವರು ಬೆಥನಿ ಸಿಸ್ಟರ್‌ಗಳು. ಬೆಂದೂರಿನ ಧರ್ಮಗುರು ರೇಮಂಡ್ ಮಸ್ಕರೇನ್ಹಸ್ 1921ರಲ್ಲಿ ಆ ಸಂಸ್ಥೆ ಕಟ್ಟಿದರು. ಬಸ್ಸೇ ಹೋಗದ ಊರುಗಳಲ್ಲಿ ಇಗರ್ಜಿಯ ಪಕ್ಕ ಒಂದು ಹಂಚಿನ ಕಟ್ಟಡ, ಒಂದು ಬಾವಿ, ನಾಲ್ಕು ಬೆಂಚು, ಹೀಗೆ ಎಷ್ಟೋ ಶಾಲೆಗಳು ಹುಟ್ಟಿದವು. ಕಲಿಸಿದ್ದು ಕನ್ನಡದಲ್ಲಿ. ನನ್ನ ಅಜ್ಜಿ ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತದೆ ಸಹಿ ಹಾಕುತ್ತಿದ್ದದ್ದು ಇಂಥ ಒಂದು ಶಾಲೆಯಿಂದಾಗಿ.

ಈಗ ಆ ಹಂಚಿನ ಕಟ್ಟಡಗಳ ಪಕ್ಕದಲ್ಲೇ ಎಷ್ಟೋ ಕಡೆ ಕಾಂಕ್ರೀಟಿನ ಇಂಗ್ಲಿಷ್ ಮಾಧ್ಯಮ ಶಾಲೆ ಎದ್ದಿದೆ, ಆಡಳಿತ ಒಂದೇ. ನಮ್ಮಲ್ಲೂ ಹಾಗೆಯೇ ಆಯಿತು. ಕೊಂಕಣಿ ಮನೆಗಳ ಮಕ್ಕಳು ಮೊದಲು ಆ ಕಡೆ ಹೋದರು, ಆಮೇಲೆ ನಮ್ಮ ತುಳು ಮನೆಗಳವರೂ ಹೋದರು. ಆಡಳಿತವನ್ನು ಬೈಯುವುದು ಸುಲಭ. ಆದರೆ ಕೇಳಿದ್ದು ಪೋಷಕರು. ಪ್ರಾಥಮಿಕ ಹಂತದಲ್ಲಿ ಮಾಧ್ಯಮ ಆರಿಸಿಕೊಳ್ಳುವ ಹಕ್ಕು ಪೋಷಕರದ್ದು ಎಂದು ಸುಪ್ರೀಂ ಕೋರ್ಟ್ 2014ರ ಮೇ 6ರಂದು ಕರ್ನಾಟಕದ್ದೇ ಪ್ರಕರಣದಲ್ಲಿ ಹೇಳಿ ಆಗಿದೆ. ನನ್ನ ಚಿಕ್ಕಮ್ಮನೇ ಮಗನನ್ನು ಕಾಂಕ್ರೀಟಿನ ಕಟ್ಟಡಕ್ಕೆ ಕಳಿಸುತ್ತಾರೆ. ‘ನಿನಗೆ ಮೊದಲ ಸೆಮಿಸ್ಟರ್‌ನಲ್ಲಿ ಎಷ್ಟು ಕಷ್ಟವಾಯಿತು, ಮರೆತೆಯಾ?’ ಎಂದು ಕೇಳಿದರು. ಮರೆತಿಲ್ಲ. ಇಂಜಿನಿಯರಿಂಗ್ ಗ್ರಾಫಿಕ್ಸ್‌ಗಿಂತ ಅದನ್ನು ವಿವರಿಸುವ ಇಂಗ್ಲಿಷೇ ಅಡ್ಡ ಬಂದಿತ್ತು. ಆದರೆ ಎರಡನೇ ಸೆಮಿಸ್ಟರ್‌ಗೆ ಆ ತೊಂದರೆ ಮುಗಿಯಿತು. ಏಳು ವರ್ಷ ಕನ್ನಡದಲ್ಲಿ ಅರ್ಥ ಮಾಡಿಕೊಂಡ ಭಿನ್ನರಾಶಿ, ಕ್ಷೇತ್ರಫಲ ಇಂದಿಗೂ ನನ್ನ ಕೈ ಬಿಟ್ಟಿಲ್ಲ. ಚಿಕ್ಕಮ್ಮ ಒಪ್ಪಲಿಲ್ಲ, ನಾನೂ ಹೆಚ್ಚು ಎಳೆಯಲಿಲ್ಲ.

ಹಾಗಾದರೆ ಈಗ ಇಗರ್ಜಿ ಶಾಲೆಯಲ್ಲಿ ಓದುತ್ತಿರುವವರು ಯಾರು? ಅರ್ಧದಷ್ಟು ಮಕ್ಕಳು ಬಾಗಲಕೋಟೆ, ಕೊಪ್ಪಳ, ಗದಗ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮನೆಯವರು. ಮನೆಮಾತೇ ಕನ್ನಡವಾಗಿರುವ ಮಕ್ಕಳು ಈ ಶಾಲೆಗೆ ಇಷ್ಟು ಸಂಖ್ಯೆಯಲ್ಲಿ ಬಂದದ್ದು ಇದೇ ಮೊದಲಿರಬೇಕು! ಬಿಸಿಯೂಟ ಅವರಿಗೆ ದೊಡ್ಡ ಆಸರೆ. ಕುಚ್ಚಲಕ್ಕಿ ಅನ್ನವನ್ನು ಮೊದಮೊದಲು ಮುಟ್ಟದವರು ಈಗ ಎರಡನೇ ಸಲ ಬಡಿಸಿಕೊಳ್ಳುತ್ತಾರೆ. ಕಳೆದ ವರ್ಷ ನೊವೆನಾದ ಒಂದು ದಿನ ಮಗಳನ್ನು ಬಿಡಲು ಬಂದ ತಾಯಿಯೊಬ್ಬರು ಹೂ ಎರಚುವುದನ್ನು ನೋಡುತ್ತ ನಿಂತರು. ತೆನೆಯ ವಿಷಯ ಹೇಳಿದಾಗ, ‘ನಮ್ಮ ಕಡೀನೂ ಎಳ್ಳಮಾಸಿಗೆ ಹೊಲಕ್ಕ ಹೋಗಿ ಚರಗ ಚೆಲ್ತೀವ್ರಿ’ ಎಂದರು. ಮರುವಾರ ಅವರ ಶೆಡ್ಡಿನ ಪಕ್ಕದ ಶೆಡ್ಡಿನಿಂದ ಇಬ್ಬರು ಮಕ್ಕಳು ಶಾಲೆಗೆ ಸೇರಿದರು. ಅಲ್ಲಿಯವರೆಗೆ ಅವರು ತಮ್ಮನನ್ನು ನೋಡಿಕೊಂಡು ಕೆಲಸದ ಜಾಗದಲ್ಲೇ ಇರುತ್ತಿದ್ದರು.

ಹಾಸ್ಟೆಲಿನ ಗೆಳತಿಯೊಬ್ಬಳು ಕೇಳುತ್ತಾಳೆ, ‘ಹಬ್ಬ ಮಾಡಿದರೆ ಶಾಲೆ ಉಳಿಯುತ್ತದಾ? ಒಂದು ಸ್ಮಾರ್ಟ್ ಕ್ಲಾಸ್ ಹಾಕಿಸಬಾರದಾ?’ ಸ್ಮಾರ್ಟ್ ಕ್ಲಾಸಿನ ಪರದೆ ಇದೆ. ದಾನಿಗಳು ಕೊಟ್ಟದ್ದು, ಮಳೆಗಾಲದಲ್ಲಿ ಕರೆಂಟಿದ್ದಾಗ ಓಡುತ್ತದೆ. ಆದರೆ ಆ ಪರದೆ ನೋಡಲು ಊರಿನ ಒಬ್ಬರೂ ಶಾಲೆಯ ಮೆಟ್ಟಿಲು ಹತ್ತಿಲ್ಲ. ನಾಟಿಯ ದಿನ ಎಷ್ಟು ಜನ ಬಂದರು! ಮಕ್ಕಳನ್ನು ಬೇರೆ ಶಾಲೆಗೆ ಕಳಿಸುವವರೂ ಬಂದರು, ಗಂಜಿ ಚಟ್ನಿ ತಂದರು. ಅಂದು ಗದ್ದೆಯ ಬದುವಿನಲ್ಲೇ ವ್ಯಾನಿನ ಬಾಡಿಗೆಗೆ ಮೂವರು ತಿಂಗಳ ಪಾಲು ಒಪ್ಪಿಕೊಂಡರು. ಗೌರವ ಶಿಕ್ಷಕಿಯೊಬ್ಬರ ಸಂಬಳವನ್ನು ಈಗ ಕೊಡುತ್ತಿರುವುದೂ ಹೀಗೆ ಕೂಡಿದ ದುಡ್ಡಿನಿಂದಲೇ. ಆ ಟೀಚರ್‌ಗೆ ಕೊಡುವ ಮೊತ್ತ ಬರೆಯಲು ನನಗೆ ನಾಚಿಕೆಯಾಗುತ್ತದೆ. ಬಿ.ಎಡ್ ಮುಗಿಸಿದ ಅವರು ಇನ್ನೊಂದು ವರ್ಷ ಇರುತ್ತಾರೆಂಬ ಖಾತ್ರಿ ನಮಗಿಲ್ಲ, ಇರಿ ಎಂದು ಒತ್ತಾಯಿಸುವ ಮುಖವೂ ಇಲ್ಲ.

ಮುಂದಿನ ದಿನಗಳೂ ತುಂಬಿವೆ. ಸೆಪ್ಟೆಂಬರ್ 5 ಶಿಕ್ಷಕರ ದಿನ, ಮದರ್ ತೆರೆಸಾ ತೀರಿಕೊಂಡ ದಿನವೂ ಅದೇ. ಅಂದು ಮಕ್ಕಳು ಅಡುಗೆಯ ಅಕ್ಕಂದಿರನ್ನೂ ವೇದಿಕೆಗೆ ಕರೆಯುವುದು ನಮ್ಮ ಶಾಲೆಯ ರೂಢಿ. ಆಮೇಲೆ ಪ್ರತಿಭಾ ಕಾರಂಜಿ. ಕಂಠಪಾಠಕ್ಕೆ ಕೊಪ್ಪಳದ ಹುಡುಗಿಯೊಬ್ಬಳು ತಯಾರಾಗುತ್ತಿದ್ದಾಳೆ, ಅವಳ ಉಚ್ಚಾರ ಕೇಳಿದರೆ ನಾವೆಲ್ಲ ಬಾಯಿ ಮುಚ್ಚಬೇಕು. ದಸರಾ ರಜೆ ನಮ್ಮಲ್ಲಿ ಸ್ವಲ್ಪ ಚಿಕ್ಕದು, ಉಳಿಸಿದ ದಿನಗಳು ಕ್ರಿಸ್‌ಮಸ್‌ಗೆ ಸೇರುತ್ತವೆ. ಡಿಸೆಂಬರ್‌ನಲ್ಲಿ ವಾರ್ಷಿಕೋತ್ಸವ, ಮಕ್ಕಳ ಯಕ್ಷಗಾನ, ಗೋದಲಿ ಕಟ್ಟುವ ಸಂಭ್ರಮ. ಜನವರಿಯ ಹೊತ್ತಿಗೆ ಮುಂದಿನ ಜೂನ್‌ಗೆ ಯಾರ ಮನೆಯಲ್ಲಿ ಆರು ವರ್ಷ ತುಂಬುವ ಮಕ್ಕಳಿದ್ದಾರೆ ಎಂದು ಮನೆಮನೆಗೆ ಹೋಗಿ ಕೇಳುವ ಕೆಲಸ ಶುರು. ಒಂದನೇ ತರಗತಿಗೆ ಯಾರೂ ಬರದ ವರ್ಷ ಬಂದರೆ, ಅಲ್ಲಿಂದ ಶಾಲೆ ವರ್ಷಕ್ಕೊಂದು ಮೆಟ್ಟಿಲು ಇಳಿಯುತ್ತದೆ. ಪಕ್ಕದ ಊರಿನಲ್ಲಿ ಹಾಗೆ ಇಳಿದ ಒಂದು ಶಾಲೆಯ ಕಟ್ಟಡದಲ್ಲಿ ಈಗ ಮದುವೆಯ ಪಾತ್ರೆ ಇಡುತ್ತಾರೆ.

ಹಬ್ಬ ಕಳೆದ ಭಾನುವಾರ ಹಳೆ ವಿದ್ಯಾರ್ಥಿಗಳ ಸಭೆಯಿದೆ. ಟೀಚರ್ ಸಂಬಳ, ವ್ಯಾನು, ಮನೆಭೇಟಿಯ ಪಟ್ಟಿ, ಇಷ್ಟೇ ವಿಷಯ. ಶನಿವಾರ ಮಧ್ಯಾಹ್ನ ಗಣಿತ ಹೇಳಿಕೊಡಲು ನಾವು ನಾಲ್ವರು ಒಪ್ಪಿದ್ದೇವೆ. ಇಂಗ್ಲಿಷ್ ಮಾತನಾಡಿಸಲು ಒಬ್ಬರು ಬೇಕಾಗಿದ್ದಾರೆ. ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಿರುವ ಅಣ್ಣನೊಬ್ಬ ‘ಇಂಟರ್‌ವ್ಯೂ ಇಲ್ಲದ ಶನಿವಾರಗಳಲ್ಲಿ ಬರುತ್ತೇನೆ’ ಎಂದಿದ್ದಾನೆ.

ಅದಕ್ಕಿಂತ ಮೊದಲು ತೆನೆ ಕೊಯ್ಯಬೇಕು. 7ರ ಸಂಜೆ ಎಂದು ನಿಗದಿಯಾಗಿದೆ, ಮಳೆ ಬಿಟ್ಟರೆ ಕತ್ತಿ ಹಿಡಿದು, ಬಿಡದಿದ್ದರೆ ಕೊಡೆ ಹಿಡಿದು.