ಕಿಟ್ಟ ಕಟ್ಟಿಹಾಕಿದ ವಿಷ

ತಾರಸಿ ಹಾಕಿದ ಮೇಲೆ ದಿನಗಟ್ಟಲೆ ನೀರುಣಿಸುವುದನ್ನು ಮನೆ ಕಟ್ಟಿಸಿದವರೆಲ್ಲ ಕಂಡಿದ್ದಾರೆ. ಸಿಮೆಂಟು ನೀರು ಕುಡಿದೇ ಗಟ್ಟಿಯಾಗಬೇಕು. ಅಮೆರಿಕದ ಸೌತ್ ಕೆರೊಲಿನಾದಲ್ಲಿರುವ ಸವಾನಾ ರಿವರ್ ಸೈಟ್‌ನಲ್ಲಿ ಗಾರೆ ಕುಡಿಯುವುದು ವಿಕಿರಣಶೀಲ ಉಪ್ಪುನೀರನ್ನು.

ಶೀತಲ ಸಮರದ ಕಾಲದಲ್ಲಿ ಅಲ್ಲಿ ಬಾಂಬುಗಳಿಗೆಂದು ಪ್ಲುಟೋನಿಯಂ ತಯಾರಿಸಿದರು. ಉಳಿದ ದ್ರವ ನೆಲದಡಿಯ ಉಕ್ಕಿನ ತೊಟ್ಟಿಗಳಿಗೆ ಹೋಯಿತು, ಕೆಲವು ಸೋರಿದವು. ಈ ದ್ರವದಿಂದ ಸೀಸಿಯಂ-137ರಂಥ ಪ್ರಖರ ವಸ್ತುಗಳನ್ನು ಬೇರೆ ಮಾಡಿ ಗಾಜಿನಲ್ಲಿ ಕರಗಿಸಿಡುತ್ತಾರೆ. ಮಿಕ್ಕ ಉಪ್ಪುನೀರನ್ನು 1990ರಿಂದ ಗಾರೆ ಮಾಡಿ ಕಾಂಕ್ರೀಟ್ ತೊಟ್ಟಿಗಳಿಗೆ ಸುರಿಯುತ್ತಿದ್ದಾರೆ. ಇತ್ತೀಚಿನ ಒಂದು ತೊಟ್ಟಿಯ ಅಗಲವೇ 114 ಮೀಟರ್. ಹಿಡಿಸುವುದು ಸುಮಾರು 12 ಕೋಟಿ ಲೀಟರ್.

ಬಹುಕಾಲ ಬಳಸಿದ ಒಣಮಿಶ್ರಣದಲ್ಲಿ ಸಿಮೆಂಟು ಶೇ 10 ಮಾತ್ರ. ಹಾರುಬೂದಿ ಶೇ 45, ಕಬ್ಬಿಣದ ಕುಲುಮೆಯ ಕಿಟ್ಟ ಶೇ 45. ಬರೀ ಸಿಮೆಂಟಾದರೆ ಇಷ್ಟು ದೊಡ್ಡ ರಾಶಿ ಒಳಗೇ ಕಾದು ಬಿರುಕು ಬಿಡುತ್ತದೆ. ಕಿಟ್ಟ ಆ ಕಾವನ್ನು ತಗ್ಗಿಸುತ್ತದೆ. ಆದರೆ ಅದರ ನಿಜವಾದ ಕೆಲಸ ಬೇರೆಯೇ, ನನ್ನನ್ನು ಬೆರಗಾಗಿಸಿದ್ದೂ ಅದೇ.

ಉಪ್ಪುನೀರಿನಲ್ಲಿ ಟೆಕ್ನೀಶಿಯಂ-99 ಇದೆ. ಅದು ಅರ್ಧದಷ್ಟಾಗಲು 2.1 ಲಕ್ಷ ವರ್ಷ ಬೇಕು. ಆಮ್ಲಜನಕದ ಜೊತೆ ಕೂಡಿದಾಗ ಅದು ನೀರಿನಲ್ಲಿ ಸಲೀಸಾಗಿ ಕರಗಿ, ಗಾರೆಯ ಸೂಕ್ಷ್ಮ ರಂಧ್ರಗಳಲ್ಲಿ ನುಸುಳಿಕೊಂಡು ಅಂತರ್ಜಲದ ಕಡೆ ನಡೆದುಬಿಡುತ್ತದೆ. ಕಿಟ್ಟದಲ್ಲಿರುವ ಗಂಧಕದ ಅಂಶ ಅದಕ್ಕೆ ಎಲೆಕ್ಟ್ರಾನುಗಳನ್ನು ಕೊಟ್ಟು ಕರಗದ ರೂಪಕ್ಕೆ ತಿರುಗಿಸುತ್ತದೆ. ಅದನ್ನು ಹಿಡಿದಿಡುವುದು ಈ ರಸಾಯನವೇ. ಗಾರೆಯ ಗಡಸುತನ ಒಂದೇ ಸಾಲದು.

ಕೈಗಾದಂಥ ನಮ್ಮ ಅಣುವಿದ್ಯುತ್ ಸ್ಥಾವರಗಳಲ್ಲೂ ಕಡಿಮೆ ತೀವ್ರತೆಯ ತ್ಯಾಜ್ಯಕ್ಕೆ ಸಿಮೆಂಟೇ ಆಸರೆ. ಹಾಗಾಗಿ ಆ ದೂರದೂರಿನ ಗಾರೆಯ ಗುಣದೋಷ ನಮಗೂ ಸಂಬಂಧಪಟ್ಟ ಮಾತು.

ದೋಷವೂ ಇದೆ. ಬಿರುಕಿನಿಂದ ಗಾಳಿ ಇಳಿದರೆ ಟೆಕ್ನೀಶಿಯಂ ಮತ್ತೆ ಕರಗಬಲ್ಲದು. ಆದ್ದರಿಂದ ಆಮ್ಲಜನಕ ಎಷ್ಟು ಶತಮಾನಗಳಲ್ಲಿ ಎಷ್ಟು ಆಳಕ್ಕೆ ತಲುಪೀತು ಎಂಬ ಲೆಕ್ಕವೇ ಇಡೀ ವಿನ್ಯಾಸದ ತಿರುಳು. ಅಯೋಡಿನ್-129ರ ಕಥೆ ಇನ್ನೂ ಕಠಿಣ. ಅದರ ಅರ್ಧಾಯುಷ್ಯ ಒಂದೂವರೆ ಕೋಟಿ ವರ್ಷ, ಸಿಮೆಂಟಿಗೆ ಅದರ ಮೇಲೆ ಹಿಡಿತ ಕಡಿಮೆ. ಬೆಳ್ಳಿ ಅದನ್ನು ಗಟ್ಟಿಯಾಗಿ ಹಿಡಿಯುತ್ತದೆ. ಆದರೆ ಟೆಕ್ನೀಶಿಯಂ ಅನ್ನು ಕಟ್ಟಿಹಾಕಿದ ಅದೇ ಗಂಧಕ ಬೆಳ್ಳಿಯನ್ನು ತನ್ನತ್ತ ಸೆಳೆದು, ಅಯೋಡಿನ್ ಅನ್ನು ಬಿಡಿಸಿ ಕಳಿಸುತ್ತದೆ.